ರಾಗಿ ಸುರಿದು ಮುಗಿಯುವಷ್ಟು ಹೊತ್ತು

ಆಶ್ವಯುಜ ಬಹುಳ ತದಿಗೆ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಜರಗನಹಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ತಂಗಿ ಸರೋಜ, ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಶಿವಲೀಲಾ. ಸರೋಜ ಹಾಜರಿದ್ದಳು ಎಂದು ಬರೆಯುವುದು ಎಷ್ಟು ಸರಿಯೋ ತಿಳಿಯದು, ಶಾಲು ಹೊದ್ದು ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಳು. ಶಿವಲೀಲಾ ಬಾಗಲಕೋಟೆ ಕಡೆಯ ಹುಡುಗಿ. ಹಗಲು ಆಫೀಸಿನ ಕೆಲಸ, ಬೆಳಿಗ್ಗೆ ಒಂದು ಗಂಟೆ ನಮ್ಮಂಥವರಿಗೆ ಯೋಗ ಹೇಳಿಕೊಡುತ್ತಾಳೆ. ಮಳೆ ಮುಗಿದು ಚಳಿ ಇನ್ನೂ ಬಾರದ ದಿನಗಳಿವು. ನೀರಿನ ಟ್ಯಾಂಕಿನ ಮೇಲೆ, ಬಟ್ಟೆ ಒಣಹಾಕುವ ತಂತಿಯ ಮೇಲೆ ಇಬ್ಬನಿ ಕೂತಿತ್ತು. ಕನಕಪುರ ರಸ್ತೆಯ ಮೇಲೆ ಮೆಟ್ರೋ ಹೋಗುತ್ತಿತ್ತು. ಒಂದು ರೈಲಿಗೂ ಇನ್ನೊಂದಕ್ಕೂ ಎಷ್ಟು ನಿಮಿಷದ ಅಂತರ ಎಂದು ವಾಚು ನೋಡಿಕೊಳ್ಳುತ್ತಲೇ ನಾನು ಆರು ಸೂರ್ಯನಮಸ್ಕಾರವನ್ನು ಮೂರು ನಿಮಿಷದಲ್ಲಿ ಮುಗಿಸಿ ನಿಂತೆ. ನನಗೆ ಅರವತ್ತೊಂಬತ್ತು. ಇಪ್ಪತ್ತಾರರ ಶಿವಲೀಲಾ ಇನ್ನೂ ಎರಡನೆಯದರಲ್ಲಿದ್ದಳು. ಬಗ್ಗಿದ್ದಲ್ಲಿಂದಲೇ ತಲೆ ತಿರುಗಿಸಿ ನನ್ನನ್ನು ನೋಡಿದಳು.

“ಆಂಟಿ, ಇದು ಯೋಗ ಅಲ್ರಿ, ಪಿ.ಟಿ. ಆತು. ಯಾವ ಬಸ್ ತಪ್ತೈತಿ ನಿಮ್ಗ?”

ನಗು ಬಂತು. ಈ ಮಾತನ್ನು ಇದೇ ಜಾಗದಲ್ಲಿ, ಬೇರೆ ಪದಗಳಲ್ಲಿ, ಬೇರೊಬ್ಬರು ಹೇಳಿದ್ದರು. ಶಿವಲೀಲಾ ನನ್ನನ್ನು ಚಾಪೆಯ ಮೇಲೆ ಕೂರಿಸಿ, ವಾಚು ಬಿಚ್ಚಿಸಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಉಸಿರನ್ನು ನಿಧಾನಕ್ಕೆ ಬಿಡಿ, ಬಿಡುವಾಗ ಮನಸ್ಸಿನಲ್ಲೇ ಎಣಿಸಿ ಎಂದಳು. ಕಣ್ಣು ಮುಚ್ಚಿದೆ. ಉಸಿರು ಬಿಟ್ಟೆ. ಮೊದಲ ಎಣಿಕೆ ‘ಒಂದು’ ಎಂದು ಬರಲಿಲ್ಲ. ‘ಲಾಭ’ ಎಂದು ಬಂತು, ಅದೂ ಜೋರಾಗಿ. ಸರೋಜ ಕುರ್ಚಿಯಲ್ಲಿ ಕಣ್ಣು ಬಿಟ್ಟಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಗೆ ಎಣಿಸುವವರು ನಮ್ಮ ಮನೆಯಲ್ಲಿ ಇಲ್ಲವಾಗಿ ಎಷ್ಟೋ ಕಾಲವಾಗಿತ್ತು.

ಈಗ ಮೂರು ಮಹಡಿ ಎದ್ದಿರುವ ಈ ಜಾಗದಲ್ಲೇ ಆಗ ನಮ್ಮ ಹೆಂಚಿನ ಮನೆಯಿತ್ತು. ಮುಂದೆ ಉದ್ದದ ಜಗಲಿ, ಜಗಲಿಗೆ ನಾಲ್ಕು ಮರದ ಕಂಬ. ಒಳಗೆ ನಡುಮನೆ, ಅದರ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ, ವಾಡೆಯ ತುಂಬ ರಾಗಿ. ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಎರಡು ಹಸುಗಳ ಕೊಟ್ಟಿಗೆ. ಅಡುಗೆಮನೆಯಲ್ಲಿ ಕೂತರೆ ಹಸು ಮೆಲುಕು ಹಾಕುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಸುತ್ತ ಇನ್ನೂ ಹೊಲಗಳಿದ್ದವು. ಜಗಲಿಯಿಂದ ನೋಡಿದರೆ ಎರಡು ಹೊಂಗೆ ಮರಗಳ ನಡುವೆ ಕನಕಪುರ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಬಸ್ಸು ಆ ತುಂಡನ್ನು ದಾಟಲು ನಾಲ್ಕು ಸೆಕೆಂಡು ಬೇಕು. ಹನ್ನೊಂದು ವರ್ಷದ ಹಳ್ಳಿಯ ಹುಡುಗಿಗೆ ಸೆಕೆಂಡಿನ ಲೆಕ್ಕ ಗೊತ್ತಿದ್ದದ್ದು ಅಪ್ಪನಿಂದ. ಅಪ್ಪ ಬಸ್ಸಿನ ಟೈಂ ಕೀಪರ್. ಬನಶಂಕರಿ ಗುಡಿಯ ಹತ್ತಿರ, ಬಸ್ಸು ನಿಲ್ಲುವಲ್ಲಿ ತಗಡಿನದೊಂದು ಗೂಡು. ಗೂಡಿನೊಳಗೆ ಮೇಜು, ಮೇಜಿನ ಮೇಲೆ ಪುಸ್ತಕ. ಯಾವ ಬಸ್ಸು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೊರಟಿತು ಎಂದು ಬರೆದು, ಹೊರಗೆ ಬಂದು ಸೀಟಿ ಊದಿ ಬಸ್ಸು ಬಿಡುವುದು ಅವನ ಕೆಲಸ. ನೇಗಿಲು ಬಿಟ್ಟು ಖಾಕಿ ಹಾಕಿದವರಲ್ಲಿ ನಮ್ಮ ಮನೆಗೆ ಅವನೇ ಮೊದಲಿಗ. ಆ ಸೀಟಿಯನ್ನು ಅವನು ಮನೆಗೂ ತಂದ.

ಬಾಗಿಲ ಪಕ್ಕದ ಮೊಳೆಗೆ ಒಂದು ಸ್ಲೇಟು ತೂಗುಹಾಕಿತ್ತು. ಐದೂವರೆಗೆ ಏಳುವುದು, ಐದೂಮುಕ್ಕಾಲಿಗೆ ನಮಸ್ಕಾರ, ಆರಕ್ಕೆ ಸ್ನಾನ, ಆರೂ ಇಪ್ಪತ್ತಕ್ಕೆ ರೊಟ್ಟಿ, ಆರೂ ನಲವತ್ತಕ್ಕೆ ಅಪ್ಪ ಸೈಕಲ್ಲು ಹತ್ತುವುದು. ಹಸು ಕರೆಯುವ ಹೊತ್ತನ್ನೂ ಅದರಲ್ಲಿ ಬರೆದಿದ್ದ. ಹಸುಗಳು ಅದನ್ನು ಪಾಲಿಸುತ್ತಿರಲಿಲ್ಲ, ಅದಕ್ಕೆ ಅವ್ವ ಬೈಸಿಕೊಳ್ಳುತ್ತಿದ್ದಳು. ನನಗೆ ಈ ಸ್ಲೇಟು ಇಷ್ಟವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮುಂದೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿ ಕೆಲಸ ಮಾಡಿದಾಗ ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋಗಲಿಲ್ಲ, ಆ ಗುಣ ಬಂದದ್ದು ಆ ಮೊಳೆಯಿಂದಲೇ. ಜಗಳವೆಲ್ಲ ಬರುತ್ತಿದ್ದದ್ದು ಅವ್ವನಿಗೂ ಸ್ಲೇಟಿಗೂ. ಅಪ್ಪನಿಗೆ ರಜೆಯಿದ್ದ ದಿನ ಮಧ್ಯಾಹ್ನ ಒಂದಕ್ಕೆ ತಟ್ಟೆ ಹಾಕಲೇಬೇಕು. ಒಮ್ಮೆ ಒಂದಕ್ಕೆ ಐದು ನಿಮಿಷವಿರುವಾಗ ಅವನು ತಟ್ಟೆಯ ಮುಂದೆ ಕೂತು ‘ಟೈಂ ಆಯ್ತು’ ಎಂದ. ಅವ್ವ ಒಲೆಯ ಮೇಲಿನ ಹಿಟ್ಟನ್ನು ಇದ್ದ ಹಾಗೇ ತಿರುವಿ, ಮುದ್ದೆ ಕಟ್ಟಿ ಇಟ್ಟಳು. ಅಪ್ಪ ಮುರಿದ. ಒಳಗೆ ಹಸಿ ಹಿಟ್ಟು. ಅವನು ತಲೆ ಎತ್ತಿ ನೋಡಿದ.

“ಗಡಿಯಾರ ನೋಡ್ಕಂಡು ಮುದ್ದೆ ಬೇಯಾಕಿಲ್ಲ,” ಎಂದಳು ಅವ್ವ. “ಟೈಂ ಬೇಕೋ, ಮುದ್ದೆ ಬೇಕೋ, ಒಂದ್ ಹೇಳಿ.”

ಅಪ್ಪ ಹಸಿಮುದ್ದೆಯನ್ನೇ ಸಾರಿಗೆ ಅದ್ದಿಕೊಂಡು ಪೂರ್ತಿ ಉಂಡ. ಅವನಿಗೆ ಟೈಂ ಬೇಕಾಗಿತ್ತು.

ಐದೂಮುಕ್ಕಾಲಿನ ನಮಸ್ಕಾರಕ್ಕೆ ಅಂಗಳದಲ್ಲಿ ನಾನು, ಸರೋಜ, ನಮ್ಮ ಹಿಂದೆ ಅಪ್ಪ. ವಯಸ್ಸಿನಲ್ಲಿ ಪೇಟೆಯ ಗರಡಿಯೊಂದಕ್ಕೆ ಹೋಗಿ ಅವನು ಸೂರ್ಯನಮಸ್ಕಾರ ಕಲಿತಿದ್ದ. ಸೀಟಿ ಮಾತ್ರ ಅವನು ಸೇರಿಸಿದ್ದು. ಒಂದು ಸೀಟಿಗೆ ಕೈ ಮುಗಿಯುವುದು, ಇನ್ನೊಂದಕ್ಕೆ ಕೈ ಮೇಲಕ್ಕೆ, ಇನ್ನೊಂದಕ್ಕೆ ಬಗ್ಗುವುದು. ಹೀಗೆ ಸೀಟಿಗೊಂದು ಭಂಗಿ, ಹನ್ನೆರಡು ನಮಸ್ಕಾರ, ಒಟ್ಟು ಆರು ನಿಮಿಷ. ಒಂದೇ ನಿಯಮ: ಸೀಟಿಯಿಲ್ಲದೆ ಬಸ್ಸು ಹೊರಡುವುದಿಲ್ಲ, ಸೀಟಿಯಿಲ್ಲದೆ ನಾವೂ ಅಲುಗಬಾರದು. ಅಜ್ಜಿ, ಎಂದರೆ ಅಪ್ಪನ ತಾಯಿ, ಜಗಲಿಯ ಮೇಲೆ ಕಂಬಳಿ ಹೊದ್ದು ಎಲೆಯಡಿಕೆ ಹಾಕಿಕೊಂಡು ದಿನವೂ ಇದನ್ನು ನೋಡುತ್ತಿದ್ದಳು. ಅವಳನ್ನು ಅಪ್ಪ ಹಾಜರಿಗೆ ಸೇರಿಸುತ್ತಿರಲಿಲ್ಲ. ಅವಳೂ ಸುಮ್ಮನಿರುತ್ತಿರಲಿಲ್ಲ.

“ಏನ್ಲಾ ಮುನಿಯಾ ಇದು, ಕೋಳಿ ಕಾಳು ಹೆಕ್ದಂಗೆ. ಸೂರ್ಯ ಇನ್ನೂ ಎದ್ದೇ ಇಲ್ಲ, ಅಷ್ಟೊತ್ಗೇ ಅವ್ನಿಗೆ ಕೈ ಮುಗ್ದು ಕಳ್ಸೂ ಆಯ್ತಾ?”

ಆ ವರ್ಷ ದಸರಾ ಮುಗಿದು ವಾರವಾಗಿರಬೇಕು. ಹೊಲದಂಚಿನಲ್ಲಿ ಹುಚ್ಚೆಳ್ಳು ಹಳದಿಗಿತ್ತು, ರಾಗಿ ತೆನೆ ಬಾಗುತ್ತಿತ್ತು, ಬೆಳಗಿನ ಮಂಜಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಪ್ರತಿ ವರ್ಷ ಈ ದಿನಗಳಲ್ಲಿ ಅಪ್ಪನಿಗೆ ಉಬ್ಬಸ ಬರುತ್ತಿತ್ತು. ಅವನು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಕೆಮ್ಮಿ ಮುಖ ತೊಳೆದು ಬರುತ್ತಿದ್ದ. ಅಂದು ಒಂಬತ್ತನೆಯ ನಮಸ್ಕಾರ. ಎದೆ, ಗದ್ದ, ಮಂಡಿ ಮೂರೂ ನೆಲಕ್ಕೆ ತಾಗುವ ಭಂಗಿಗೆ ಬಂದಿದ್ದೆವು. ಮುಂದಿನ ಸೀಟಿ ಬರಲಿಲ್ಲ. ಹಿಂದಿನಿಂದ ಒಂದು ಸದ್ದು ಬಂತು. ಸೀಟಿಯೊಳಗೆ ಗಾಳಿ ಸೇರಿಯೂ ಅದು ಕೂಗದಿದ್ದರೆ ಬರುವ ಸದ್ದು. ಆಮೇಲೆ ಏನೂ ಇಲ್ಲ. ನಾನು ಕಾದೆ. ಸರೋಜ ಅಲುಗಿದಳು, ‘ಸುಮ್ನಿರೇ, ಸೀಟಿ ಬಂದಿಲ್ಲ’ ಎಂದು ಅವಳಿಗೆ ಪಿಸುಗುಟ್ಟಿದೆ. ಒದ್ದೆ ನೆಲಕ್ಕೆ ಎದೆಯೊತ್ತಿ ನಾವಿಬ್ಬರೂ ಹಾಗೇ ಇದ್ದೆವು. ನನ್ನ ಲೆಕ್ಕದಲ್ಲಿ ಎರಡು ನಿಮಿಷ. ಹಿಂದೆ ಅಪ್ಪ ಉಸಿರು ಸಿಗದೆ ಕಂಬ ಹಿಡಿದು ಕುಸಿದು ಕೂತಿದ್ದ, ನಾವು ಅಲ್ಲಿ ಶಿಸ್ತಿನಿಂದ ಮಲಗಿದ್ದೆವು. ಎಲೆಯಡಿಕೆ ಕುಟ್ಟುತ್ತ ತಲೆ ಬಗ್ಗಿಸಿದ್ದ ಅಜ್ಜಿ ಕತ್ತೆತ್ತಿ ನೋಡಿ ಕೂಗಿದ ಮೇಲೆ ಎದ್ದೆವು. ಅಪ್ಪನ ತುಟಿ ನೀಲಿಯಾಗಿತ್ತು. ಸೀಟಿ ಇನ್ನೂ ಹಲ್ಲಿನ ನಡುವೆಯೇ ಇತ್ತು, ಅಜ್ಜಿ ಅದನ್ನು ಎಳೆದು ತೆಗೆದಳು. ಆ ಎರಡು ನಿಮಿಷವನ್ನು ನಾನು ಇವತ್ತಿಗೂ ಯಾವ ಲೆಕ್ಕಕ್ಕೂ ಹಾಕಲಾರೆ.

ಜಯನಗರದ ವಯಸ್ಸಾದ ಡಾಕ್ಟರೊಬ್ಬರು ಇಂಜೆಕ್ಷನ್ ಕೊಟ್ಟು, ಒಂದು ತಿಂಗಳು ರಜೆ ಬರೆದುಕೊಟ್ಟರು. ಅವರೂ ಯೋಗ ಮಾಡುವವರಂತೆ. ಹಾರುವುದು, ಬಗ್ಗುವುದು ಸದ್ಯಕ್ಕೆ ಬೇಡ, ಕೂತು ಉಸಿರಾಡುವುದನ್ನು ಕಲಿಯಿರಿ ಎಂದರು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಎಂಟು ಎಣಿಸುವಷ್ಟು ಹೊತ್ತು ಹೊರಗೆ. ಮಧ್ಯಾಹ್ನ ಅಂಗಾತ ಮಲಗಿ ಕೈಕಾಲು ಸಡಿಲ ಬಿಟ್ಟು ಸುಮ್ಮನಿರುವುದು. ಇಷ್ಟೇ ಮದ್ದು. ಆದರೆ ಅಪ್ಪನಿಗೆ ಅಂಗಾತ ಮಲಗಲು ಆಗುತ್ತಲೇ ಇರಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ ಆಗುತ್ತಿತ್ತು. ಜಗಲಿಯ ಕಂಬಕ್ಕೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದ. ರಜೆಯಲ್ಲೂ ಅವನಿಗೆ ಕೆಲಸ ಬೇಕಿತ್ತು. ನನ್ನ ಒಂದು ಶಾಲೆಯ ನೋಟ್‌ಬುಕ್ಕು ತೆಗೆದುಕೊಂಡು ಗೆರೆ ಎಳೆದು, ಹೊಂಗೆ ಮರಗಳ ನಡುವೆ ಹಾದುಹೋಗುವ ಬಸ್ಸುಗಳ ಹೊತ್ತು ಬರೆಯತೊಡಗಿದ. ಮೂರೂ ಹತ್ತರ ಬಸ್ಸು ಮೂರೂ ಹದಿಮೂರಕ್ಕೆ ಹೋದರೆ, ತನ್ನ ಜಾಗದಲ್ಲಿ ಈಗ ಕೂತಿರುವವನಿಗೆ ಬಸ್ಸು ಬಿಡಲು ಬರುವುದಿಲ್ಲ ಎಂದು ಅವನಿಗೆ ಸಮಾಧಾನ. ಉಸಿರಿನ ಎಣಿಕೆಗೆ ನನ್ನನ್ನು ನೇಮಿಸಿದ. ವಾಚು ಅವನ ಕೈಯಲ್ಲಿ, ಎಣಿಸುವುದು ನಾನು. ಮೊದಲ ದಿನ ನಾಲ್ಕಕ್ಕೇ ಕೆಮ್ಮು ಬಂತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಅವನು ನನ್ನ ಮುಖ ನೋಡದೆ ಹೇಳಿದ.

“ರತ್ನಾ, ಸ್ವಲ್ಪ ಬೇಗ ಎಣ್ಸು.”

ಬೇಗ ಎಣಿಸಿದೆ. ಐದು ಬಂತು. ಇನ್ನೂ ಬೇಗ ಎಣಿಸಿದೆ, ಆರು ಬಂತು. ವಾರ ಕಳೆಯುವುದರೊಳಗೆ ನಾನು ಮಗ್ಗಿ ಒಪ್ಪಿಸುವ ವೇಗದಲ್ಲಿ ಎಣಿಸುತ್ತಿದ್ದೆ, ಅಪ್ಪ ಎಂಟು ಮುಟ್ಟುತ್ತಿದ್ದ. ಅಡುಗೆಮನೆಗೆ ಓಡಿ ‘ಎಂಟು ಆಯ್ತು’ ಎಂದು ಅವ್ವನಿಗೆ ಹೇಳಿ ಬರುತ್ತಿದ್ದೆ. ಬಸ್ಸು ಒಂದು ನಿಮಿಷ ತಡವಾದರೂ ಪುಸ್ತಕದಲ್ಲಿ ತಿದ್ದದ ಮನುಷ್ಯ ತನ್ನ ಉಸಿರಿನ ಲೆಕ್ಕವನ್ನು ತಿದ್ದಿಸಿದ್ದ, ತಿದ್ದಿದವಳು ನಾನು. ಇಬ್ಬರಿಗೂ ಅದು ತಪ್ಪೆಂದು ಅನ್ನಿಸಲಿಲ್ಲ. ಎಂಟು ಬಂದಿತ್ತಲ್ಲ. ಹದಿನೈದು ದಿನ ಕಳೆದು ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋದೆ. ಎಂಟು ಬರುತ್ತಿದೆ ಸಾರ್ ಎಂದ ಅಪ್ಪ. ಅವರು ಎದೆಗೆ ಕೊಳವೆ ಇಟ್ಟು ಕೇಳಿದರು, ಹುಬ್ಬು ಗಂಟು ಹಾಕಿದರು, ನನ್ನೆದುರು ಒಂದು ಸಲ ಮಾಡಿ ಎಂದು ತಾವೇ ಎಣಿಸಿದರು. ಅಪ್ಪನ ಉಸಿರು ನಾಲ್ಕಕ್ಕೇ ಮುರಿಯಿತು. ಡಾಕ್ಟರು ಗದರಲಿಲ್ಲ. ಇನ್ನು ಹದಿನೈದು ದಿನ ನೋಡೋಣ, ಆಗಲೂ ಹೀಗೇ ಇದ್ದರೆ ರಸ್ತೆಯ ಧೂಳು ಹೊಗೆಯಲ್ಲಿ ನಿಲ್ಲುವ ಕೆಲಸ ಇವರಿಗಾಗದು ಎಂದು ಬರೆದುಕೊಡುತ್ತೇನೆ, ಒಳಗೆಲ್ಲೋ ಬೇರೆ ಕೆಲಸ ಕೇಳಿಕೊಳ್ಳಲಿ ಎಂದರು. ಮನೆಗೆ ಬರುವ ಬಸ್ಸಿನಲ್ಲಿ ಅಪ್ಪ ತನ್ನ ಗೂಡು ದಾಟುವಾಗ ಆ ಕಡೆಗೆ ತಿರುಗಲಿಲ್ಲ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿಗೆ ನಾನೇ ಹೇಳಿದೆ. ಮರುದಿನ ಶನಿವಾರ, ಮಿಲ್ಲಿಗೆ ರಾಗಿ ಕಳಿಸುವ ದಿನ. ವಾಡೆಯ ಮುಂದೆ ಚೀಲದ ಬಾಯಿ ಹಿಡಿದು ಕೂತಾಗ ಅಳು ಬಂತು. ಅಪ್ಪನೇ ಬೇಗ ಎಣಿಸು ಅಂದದ್ದು ಎಂದೆ. ಅಜ್ಜಿ ಸೇರನ್ನು ರಾಗಿಯೊಳಗೆ ಊರಿ, ಅಂಗೈಯಿಂದ ಅದರ ಬಾಯಿ ಸವರಿ ಎತ್ತಿದಳು.

“ಅವ್ನು ಹೇಳ್ದ, ನೀನು ಎಣಿಸ್ದೆ. ಇಬ್ರೂ ಸೇರ್ಕಂಡು ಯಾರಿಗ್ ಮೋಸ ಮಾಡಿದ್ರಿ?”

ಉತ್ತರಕ್ಕೆ ಕಾಯದೆ ಅವಳು ಅಳೆಯಲು ತೊಡಗಿದಳು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿ ಹೆಚ್ಚಲಿ ಎಂದು ಶುಭದಿಂದ ಆರಂಭಿಸುವುದು. ಅಜ್ಜಿ ಸೇರನ್ನು ಬಗ್ಗಿಸುವಾಗ ‘ಲಾ…ಭ’ ಎಂದು ಶುರುಮಾಡಿ ಕೊನೆಯ ಕಾಳು ಚೀಲಕ್ಕೆ ಬೀಳುವವರೆಗೆ ಆ ಸ್ವರವನ್ನು ಎಳೆಯುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿದ್ದೆ, ಎಂದೂ ಗಮನಿಸಿರಲಿಲ್ಲ. ಆ ದಿನ ಎಣಿಕೆ ನೀನು ಹೇಳು ಎಂದಳು. ಲಾಭ ಎಂದೆ, ಕಾಳು ಇನ್ನೂ ಅರ್ಧ ಸುರಿಯುವಾಗಲೇ ಎರಡು ಎಂದೆ. ಅಜ್ಜಿ ಸೇರನ್ನು ಹಾಗೇ ಎತ್ತಿ ಹಿಡಿದಳು.

“ಕಾಳು ಇನ್ನೂ ಬೀಳ್ತಾ ಅದೆ, ನೀನ್ಯಾಕೆ ಮುಂದುಕ್ಕೋದೆ? ಎಣಿಕೆ ಕಾಳಿನ ಹಿಂದೆ ಬರ್ಬೇಕು ಮಗ. ಮುಂದೆ ಓಡ್ಬಾರ್ದು.”

ಆಮೇಲೆ ನಾನು ಕಾಳಿನ ಸದ್ದಿಗೆ ಕಿವಿಗೊಟ್ಟೆ. ಸುರಿಯುವ ಸದ್ದು ಮೊದಲು ದಪ್ಪಗೆ, ಆಮೇಲೆ ತೆಳ್ಳಗೆ, ಕೊನೆಗೆ ಬಿಡಿಬಿಡಿಯಾಗಿ ನಾಲ್ಕಾರು ಕಾಳು. ಆ ಬಿಡಿಕಾಳುಗಳಿಗೂ ಕಾದು ಎರಡು ಎಂದೆ. ಚೀಲ ತುಂಬುವಷ್ಟರಲ್ಲಿ ಅಳು ನಿಂತಿತ್ತು. ಸ್ಲೇಟಿನ ಪ್ರಕಾರ ನಾನು ಆಗ ಶಾಲೆಯ ದಾರಿಯಲ್ಲಿರಬೇಕಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಕಂಬಕ್ಕೊರಗಿ ಕೂತಿದ್ದಾಗ ಅಜ್ಜಿ ಸೇರು, ಮೊರ ಎರಡನ್ನೂ ತಂದು ಅವನೆದುರು ಕೂತಳು. ಸೇರಿನಲ್ಲಿದ್ದದ್ದು ತೊಳೆದು ಒಣಗಿಸಿದ ರಾಗಿ, ಧೂಳು ಎದ್ದರೆ ಮಗನಿಗೆ ಆಗದು ಎಂದು ಹಿಂದಿನ ದಿನವೇ ತೊಳೆದು ಬಿಸಿಲಿಗೆ ಹಾಕಿದ್ದಳು. ಹಾಜರಿ ಹಾಕಿಕೊ, ನಾನೂ ಬಂದಿದ್ದೇನೆ ಎಂದಳು. ಆಮೇಲೆ ವಾಚು ಬಿಚ್ಚು ಎಂದಳು. ಅಪ್ಪ ಬಿಚ್ಚಿದ. ಮಣಿಕಟ್ಟಿನಲ್ಲಿ ಬಿಸಿಲೇ ಕಾಣದ ಬಿಳಿ ಪಟ್ಟಿಯೊಂದಿತ್ತು, ನಾನು ಅದನ್ನು ಎಂದೂ ನೋಡಿರಲಿಲ್ಲ.

“ಇದು ಬೀಳಾಗಂಟ ಉಸ್ರು ಬುಡು. ಎಂಟೂ ಬ್ಯಾಡ, ಹತ್ತೂ ಬ್ಯಾಡ.”

ಅಜ್ಜಿ ಸೇರನ್ನು ಒಂದಿಷ್ಟೇ ಬಗ್ಗಿಸಿದಳು. ನೂಲಿನೆಳೆಯಷ್ಟು ರಾಗಿ ಮೊರಕ್ಕೆ ಇಳಿಯಿತು. ನಾನು ಮೆಲ್ಲಗೆ ಲಾಭ ಎಂದೆ. ಅಪ್ಪ ಉಸಿರು ಬಿಟ್ಟ. ಮೊದಲ ಸಲ ಕಾಲು ಸೇರೂ ಬೀಳುವ ಮೊದಲು ಅವನ ಉಸಿರು ಮುಗಿಯಿತು. ಮುಗಿದೊಡನೆ ಅಜ್ಜಿ ಸೇರನ್ನು ನೆಟ್ಟಗೆ ಮಾಡಿದಳು, ಮಿಕ್ಕಿದ್ದು ನಾಳೆಗೆ ಎಂದಳು. ಮರುದಿನ ಇನ್ನಷ್ಟು ಇಳಿಯಿತು. ಕೆಲವು ದಿನ ಹಿಂದಿಗಿಂತ ಕಡಿಮೆಯೂ ಆಯಿತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಕೆಮ್ಮಿದರೆ ಅಜ್ಜಿ ಎಲೆಯಡಿಕೆ ತೆಗೆದು ತನ್ನ ಪಾಡಿಗೆ ಹಾಕಿಕೊಳ್ಳುತ್ತ ಕೂತಿರುತ್ತಿದ್ದಳು. ಅವಳಿಗೆ ಬೇರೆ ಕೆಲಸವಿಲ್ಲ ಎನ್ನುವ ಹಾಗೆ. ರಾಗಿಗೆ ಸರಿಯಾಗಿ ಅಪ್ಪ ಉಸಿರಾಡುತ್ತಿದ್ದಾನೆ ಎಂದು ನಾನು ಆಗ ತಿಳಿದಿದ್ದೆ. ನರ್ಸಾದ ಮೇಲೆ ಗೊತ್ತಾಯಿತು, ಅದು ಹಾಗಿರಲಿಲ್ಲ. ರೋಗಿಯ ಉಸಿರನ್ನು ಎಣಿಸುವಾಗ ನಾವು ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡು ಕದ್ದು ಎಣಿಸುತ್ತೇವೆ. ಎಣಿಸುತ್ತಿದ್ದಾರೆ ಎಂದು ತಿಳಿದರೆ ಉಸಿರು ಬದಲಾಗುತ್ತದೆ. ಮೊದಲ ಸಲ ವಾರ್ಡಿನಲ್ಲಿ ಹಾಗೆ ನಿಂತಾಗ ಅಜ್ಜಿ ನೆನಪಾದಳು. ಆ ಹದಿನೈದು ದಿನವೂ ಅವಳ ಕಣ್ಣು ಸೇರಿನ ಮೇಲಿರಲಿಲ್ಲ, ಮೊರದ ಮೇಲಿರಲಿಲ್ಲ. ಮಗನ ಎದೆಗೂಡಿನ ಮೇಲಿತ್ತು. ಅದು ಇಳಿದಷ್ಟು ಹೊತ್ತು ಅವಳು ಸುರಿಯುತ್ತಿದ್ದಳು. ಎಣಿಕೆ ಕಾಳಿನ ಹಿಂದೆ, ಕಾಳು ಉಸಿರಿನ ಹಿಂದೆ. ಎಲ್ಲರಿಗಿಂತ ಹಿಂದೆ ಅವಳು.

ಮನೆ ನಿಧಾನವಾಯಿತು. ಯಾರೂ ಹಾಗೆ ತೀರ್ಮಾನಿಸಲಿಲ್ಲ. ಬೆಳಿಗ್ಗೆ ರಾಗಿ ಸುರಿಯುವ ಸದ್ದು ಕೇಳಬೇಕಾದರೆ ಪಾತ್ರೆ ಕುಕ್ಕುವ ಹಾಗಿಲ್ಲ, ಓಡುವ ಹಾಗಿಲ್ಲ. ಅವ್ವ ಒಲೆಯ ಮುಂದೆ ಕೂತು ಹಿಟ್ಟು ಬೇಯುವಷ್ಟು ಬೇಯಿಸಿದಳು. ಹುಚ್ಚೆಳ್ಳು ಹುರಿದು ಚಟ್ನಿ ಅರೆಯುವಾಗ ಹಾಡು ಹೇಳಿಕೊಂಡಳು. ಸ್ಲೇಟಿನ ಮೇಲೆ ಜೇಡ ಬಲೆ ಕಟ್ಟಿತು. ಒಂದು ದಿನ ಊಟದ ಮಧ್ಯೆ ಅಪ್ಪ ಕೈ ನಿಲ್ಲಿಸಿ ಸರೋಜಳನ್ನೇ ನೋಡುತ್ತ ಕೂತ. ಇವಳು ಉಣ್ಣುವಾಗ ಗುಂಯ್ ಅನ್ನುತ್ತಾಳಲ್ಲ ಎಂದು ಅವ್ವನನ್ನು ಕೇಳಿದ. ಹುಟ್ಟಿದಾಗಿನಿಂದಲೂ ಹಾಗೇ ಎಂದಳು ಅವ್ವ. ಎಂಟು ವರ್ಷದ ಮಗಳ ಆ ಸದ್ದು ಅಪ್ಪನಿಗೆ ಅಂದೇ ಮೊದಲು ಕೇಳಿಸಿದ್ದು. ಅವನು ಇನ್ನೊಂದು ತುತ್ತು ಮುದ್ದೆ ಮುರಿದು ಅವಳ ತಟ್ಟೆಗಿಟ್ಟು, ಮತ್ತೆ ಕೇಳಿಸಿಕೊಂಡ. ಆದರೂ ನೋಟ್‌ಬುಕ್ಕು ಬಿಟ್ಟಿರಲಿಲ್ಲ. ವಾಚನ್ನು ಜಗಲಿಯ ಮೊಳೆಗೆ ತೂಗುಹಾಕಿ, ಬಸ್ಸು ಹೋದಾಗಲೆಲ್ಲ ತಲೆಯೆತ್ತಿ ನೋಡಿ ಬರೆಯುತ್ತಿದ್ದ. ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಮಲಗಲು ದಿನವೂ ಒಂದು ಪ್ರಯತ್ನ ಮಾಡುತ್ತಿದ್ದ, ದಿನವೂ ಎದ್ದು ಕೂರುತ್ತಿದ್ದ.

ಮಾರನೆಯ ಬೆಳಿಗ್ಗೆ ಡಾಕ್ಟರ ಬಳಿಗೆ ಹೋಗಬೇಕು ಎನ್ನುವ ದಿನ. ದೀಪಾವಳಿ ಕಳೆದು ಕಾರ್ತಿಕ ಹುಟ್ಟಿತ್ತು. ಊಟವಾಗಿ ಅಪ್ಪ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ. ಎದ್ದು ಕೂರುತ್ತಾನೆ ಎಂದು ನಾನು ದಿಂಬು ಹಿಡಿದು ಪಕ್ಕದಲ್ಲೇ ಕಾದೆ. ಏಳಲಿಲ್ಲ. ಎದೆ ಮೇಲೇರಿತು, ಇಳಿಯಿತು. ನಾನು ಮನಸ್ಸಿನಲ್ಲಿ ಲಾಭ ಎಂದೆ. ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿದ್ದ ಅಂಗೈ ಬಿಚ್ಚಿಕೊಂಡಿತು. ಅಪ್ಪ ಮಲಗಿ ನಿದ್ದೆ ಮಾಡುವುದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ನಾವು ಏಳುವ ಮೊದಲೇ ಎದ್ದು, ನಾವು ಮಲಗಿದ ಮೇಲೆ ಮಲಗುವವನು ಅವನು. ಅವ್ವ ಬಾಗಿಲವರೆಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ರಸ್ತೆಯಲ್ಲಿ ಬಸ್ಸಿನ ಸದ್ದಾಯಿತು. ಹೊಂಗೆ ಮರಗಳ ನಡುವೆ ಅದು ಹಾದುಹೋಯಿತು. ಅಪ್ಪ ಎದ್ದಾಗ ಬಿಸಿಲು ಜಗಲಿಯ ಅಂಚು ಬಿಟ್ಟು ಅಂಗಳಕ್ಕಿಳಿದಿತ್ತು. ಅವನ ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು, ಅಲ್ಲಿ ವಾಚಿರಲಿಲ್ಲ.

“ಮೂರೂ ಹತ್ತರದು ಹೋಯ್ತಾ?”

“ಹೋಯ್ತು.”

“ಎಷ್ಟೊತ್ಗೆ?”

“ನೋಡ್ಲಿಲ್ಲ ಅಪ್ಪ.”

ವಾಚು ಮೊಳೆಯಲ್ಲಿ ನನ್ನ ತಲೆಯ ಮೇಲೇ ತೂಗುತ್ತಿತ್ತು. ಅಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅವನ ಎದೆಯನ್ನು. ಅಪ್ಪ ನನ್ನ ಮುಖ ನೋಡಿದ, ಕೈಯಲ್ಲಿದ್ದ ದಿಂಬನ್ನು ನೋಡಿದ.

“ಆಯ್ತು ಬಿಡು,” ಎಂದು ಮತ್ತೆ ಮಲಗಿದ.

ಮರುದಿನ ಡಾಕ್ಟರು ಎಂಟು ಎಣಿಸಿದರು, ಅಪ್ಪನ ಉಸಿರು ಎಂಟರ ಆಚೆಗೂ ಹೋಯಿತು. ಅವನು ತನ್ನ ಗೂಡಿಗೆ ಮರಳಿದ, ರಿಟೈರಾಗುವವರೆಗೆ ಅಲ್ಲೇ ಬಸ್ಸು ಬಿಟ್ಟ. ಉಬ್ಬಸ ಅವನನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಪ್ರತಿ ಆಶ್ವಯುಜಕ್ಕೂ ಬರುತ್ತಿತ್ತು, ಅಜ್ಜಿ ಪ್ರತಿ ಆಶ್ವಯುಜಕ್ಕೂ ರಾಗಿ ತೊಳೆದು ಬಿಸಿಲಿಗೆ ಹಾಕುತ್ತಿದ್ದಳು. ಅವಳ ನಂತರ ಅವ್ವ, ಅವ್ವನ ನಂತರ ನಾನು ಅವನೆದುರು ಸೇರು ಹಿಡಿದು ಕೂತೆವು. ಸ್ಲೇಟಿನ ಬಲೆ ಒರೆಸಿ ಮತ್ತೆ ಬರೆದದ್ದಾಯಿತು, ನನ್ನ ಜೀವಮಾನವೆಲ್ಲ ಅದರ ಗೆರೆಗಳ ಮೇಲೆಯೇ ನಡೆಯಿತು. ಸೀಟಿ ಮಾತ್ರ ಅಂಗಳಕ್ಕೆ ಮರಳಲಿಲ್ಲ. ಆ ನೋಟ್‌ಬುಕ್ಕು ನನ್ನ ಬೀರುವಿನಲ್ಲಿದೆ. ಒಂದು ತಿಂಗಳ ಬಸ್ಸುಗಳೆಲ್ಲ ಅದರಲ್ಲಿವೆ, ಒಂದರ ಮುಂದೆ ಮಾತ್ರ ಹೊತ್ತು ಬರೆದಿಲ್ಲ. ಅಪ್ಪ ಅದನ್ನು ಅಂದಾಜಿನಿಂದ ತುಂಬಬಹುದಿತ್ತು. ತುಂಬಲಿಲ್ಲ.

ಇಷ್ಟನ್ನೂ ಶಿವಲೀಲಾಗೆ ಹೇಳಲಿಲ್ಲ, ಅವಳಿಗೆ ಆಫೀಸಿಗೆ ಹೊತ್ತಾಗುತ್ತಿತ್ತು. ಲಾಭ ಎಂದರೇನು ಎಂದು ವಿವರಿಸಲು ಹೋದೆ. ಅವಳು ಅರ್ಧದಲ್ಲೇ ತಡೆದಳು.

“ನಂಗೊತ್ತೈತಿ ಆಂಟಿ. ನಮ್ಮೂರಾಗೂ ರಾಶಿ ಅಳಿಯೂ ಮುಂದ ಹಂಗ ಅಂತಾರ. ನಮ್ಮಜ್ಜ ಅಂತಿದ್ದ.” ಚಾಪೆ ಸುತ್ತಿಕೊಂಡು ಮೆಟ್ಟಿಲವರೆಗೆ ಹೋದವಳು ತಿರುಗಿದಳು. “ನಾಳಿಂದ ಹಂಗ ಎಣಸ್ರಿ. ನಂಗೂ ಕೇಳೂ ಹಂಗ.”

ಸಂಜೆ ಮಿಲ್ಲಿಗೆ ರಾಗಿ ಅಳೆಯುವುದಿತ್ತು. ವಾಡೆ ಈಗಿಲ್ಲ, ಪ್ಲಾಸ್ಟಿಕ್ಕಿನ ಡ್ರಮ್ಮು. ಸೇರು ಅಜ್ಜಿಯದೇ, ಅಂಚು ಸವೆದಿದೆ. ಸರೋಜ ಚೀಲದ ಬಾಯಿ ಹಿಡಿದು ಕೂತಳು, ಬಾಯಲ್ಲಿ ಚಕ್ಕುಲಿಯ ಚೂರು, ಗುಂಯ್ ಎನ್ನುತ್ತಿದ್ದಳು. ಬೇಗ ಹಾಕೇ ಅಕ್ಕ, ಕೈ ನೋಯ್ತದೆ ಎಂದಳು. ನಾನು ಸೇರನ್ನು ಒಂದಿಷ್ಟೇ ಬಗ್ಗಿಸಿ ಲಾಭ ಎಂದೆ. ಅವಳು ಗೊಣಗುವುದನ್ನು ನಿಲ್ಲಿಸಿ ಸುರಿಯುವುದನ್ನು ಕೇಳಿದಳು. ಕೊನೆಯ ಬಿಡಿಕಾಳು ಬೀಳುವವರೆಗೆ ನಾನು ಎರಡು ಎನ್ನಲಿಲ್ಲ. ನಾಲ್ಕು ಸೇರು ಅಳೆದು, ಚೀಲದ ಬಾಯಿ ಕಟ್ಟಿ, ಬಾಗಿಲ ಪಕ್ಕಕ್ಕಿಟ್ಟೆ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಆಗ ಗಂಟೆ ಎಷ್ಟಾಗಿತ್ತೋ, ನೋಡಲಿಲ್ಲ.